ಆನೆಗೊಂದಿ–ಹಂಪಿ ನಡುವಣ ದೂರ ಮತ್ತು ನದಿದಾಟು

ಆನೆಗೊಂದಿ ಮತ್ತು ಹಂಪಿ ತುಂಗಭದ್ರಾ ನದಿಯ ಎದುರುಬದುರು ದಡಗಳಲ್ಲಿರುವ ಎರಡು ಐತಿಹಾಸಿಕ ಸ್ಥಳಗಳು. ಆನೆಗೊಂದಿಯು ನದಿಯ ಉತ್ತರ ದಡದಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿದೆ. ಹಂಪಿಯು ದಕ್ಷಿಣ ದಡದಲ್ಲಿ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲೂಕಿನಲ್ಲಿದೆ. ಹಂಪಿಯ ವಿರೂಪಾಕ್ಷ ದೇವಾಲಯದಿಂದ ಆನೆಗೊಂದಿ ಗ್ರಾಮಕ್ಕೆ ನೇರ ರೇಖೆಯಲ್ಲಿ ಸುಮಾರು ೪ ಕಿಲೋಮೀಟರ್ ದೂರವಿದೆ. ಆದರೆ ರಸ್ತೆಯ ಮೂಲಕ ಇದೇ ಪ್ರಯಾಣ ಕಡೆಬಾಗಿಲು ಸೇತುವೆಯ ಮಾರ್ಗವಾಗಿ ಸುಮಾರು ೨೦ ಕಿ.ಮೀ., ಹೊಸಪೇಟೆ–ಮುನಿರಾಬಾದ್ ಮಾರ್ಗವಾಗಿ ಸುಮಾರು ೪೦ ಕಿ.ಮೀ. ಆಗುತ್ತದೆ. ನೇರ ದೂರಕ್ಕೂ ಸಂಚಾರದ ದೂರಕ್ಕೂ ಇರುವ ಈ ಅಂತರವೇ ಇಲ್ಲಿನ ಹರಿಗೋಲು ಸಾರಿಗೆಗೂ, ಸೇತುವೆಯ ಕುರಿತು ದಶಕಗಳ ಕಾಲ ನಡೆದ ವಿವಾದಕ್ಕೂ ಮೂಲ ಕಾರಣ.

ನೇರ ದೂರದ ಲೆಕ್ಕ

ಎರಡು ಸ್ಥಳಗಳ ನಡುವಣ ನೇರ ದೂರವನ್ನು ವಾಯುಮಾರ್ಗದ ದೂರ ಎಂದೂ ಕರೆಯುತ್ತಾರೆ. ವಿಮಾನಯಾನದಲ್ಲಿ ಎರಡು ನಿಲ್ದಾಣಗಳ ನಡುವಣ ದೂರವನ್ನು ಭೂಗೋಳದ ಮೇಲಿನ ಮಹಾವೃತ್ತದ ಚಾಪದಿಂದ ಅಳೆಯುವುದು ರೂಢಿ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಭೂಮಿಯ ವಕ್ರತೆ ಗಣನೆಗೆ ಬಾರದಷ್ಟು ಕಡಿಮೆಯಾದ್ದರಿಂದ ಸಾಧಾರಣ ಪೈಥಾಗೊರಸ್ ಪ್ರಮೇಯವೇ ಸಾಕಾಗುತ್ತದೆ.

ವಿರೂಪಾಕ್ಷ ದೇವಾಲಯವು ಸುಮಾರು ೧೫.೩೩೫ ಡಿಗ್ರಿ ಉತ್ತರ ಅಕ್ಷಾಂಶ ಮತ್ತು ೭೬.೪೫೯ ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಆನೆಗೊಂದಿ ಗ್ರಾಮವು ಸುಮಾರು ೧೫.೩೫ ಡಿಗ್ರಿ ಉತ್ತರ ಮತ್ತು ೭೬.೪೯ ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು ೧೧೧ ಕಿ.ಮೀ.ಗೆ ಸಮ. ರೇಖಾಂಶದ ಡಿಗ್ರಿಯು ಸಮಭಾಜಕ ವೃತ್ತದಿಂದ ಧ್ರುವದ ಕಡೆಗೆ ಹೋದಂತೆ ಕಿರಿದಾಗುವುದರಿಂದ ಈ ಪ್ರದೇಶದಲ್ಲಿ ಅದು ಸುಮಾರು ೧೦೭ ಕಿ.ಮೀ. ಮಾತ್ರ. ಅದರಂತೆ ಆನೆಗೊಂದಿಯು ಹಂಪಿಗಿಂತ ಉತ್ತರಕ್ಕೆ ಸುಮಾರು ೧.೭ ಕಿ.ಮೀ., ಪೂರ್ವಕ್ಕೆ ಸುಮಾರು ೩.೩ ಕಿ.ಮೀ. ಸರಿದಿದೆ, ಎರಡರ ವರ್ಗಗಳ ಮೊತ್ತದ ವರ್ಗಮೂಲ ಸುಮಾರು ೩.೭ ಕಿ.ಮೀ. ವಿಜಯ ವಿಠ್ಠಲ ದೇವಾಲಯದಿಂದ ಲೆಕ್ಕ ಹಾಕಿದರೆ ಇದು ಸುಮಾರು ೨ ಕಿ.ಮೀ.ಗೆ ಇಳಿಯುತ್ತದೆ.

ಇದೇ ಕ್ರಮದಲ್ಲಿ ಆನೆಗೊಂದಿಯಿಂದ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು ೨೫ ಕಿ.ಮೀ., ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು ೧೫೦ ಕಿ.ಮೀ., ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸುಮಾರು ೨೭೦ ಕಿ.ಮೀ. ದೂರವಿದೆ. ಹುಬ್ಬಳ್ಳಿಯು ಬಹುತೇಕ ಇದೇ ಅಕ್ಷಾಂಶದಲ್ಲಿರುವುದರಿಂದ ಅಲ್ಲಿಯ ದೂರವನ್ನು ರೇಖಾಂಶಗಳ ವ್ಯತ್ಯಾಸ ಒಂದರಿಂದಲೇ ಪಡೆಯಬಹುದು. ಅಂತರಜಾಲದ ದೂರಪಟ್ಟಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಂಥ ನೇರ ದೂರಗಳೇ. ಆನೆಗೊಂದಿಯಂಥ ಊರಿನ ವಿಷಯದಲ್ಲಿ ಅವನ್ನು ನಂಬಿ ಪ್ರಯಾಣದ ವೇಳೆಯನ್ನು ಅಂದಾಜು ಮಾಡಿದರೆ ಮೋಸ ಹೋಗುವುದು ಖಚಿತ.

ಭೌಗೋಳಿಕ ಹಿನ್ನೆಲೆ

ಹಂಪಿಯ ಸುತ್ತ ತುಂಗಭದ್ರೆಯು ಬೆಣಚು ಬಂಡೆಗಳ ಬೆಟ್ಟಸಾಲುಗಳನ್ನು ಸೀಳಿಕೊಂಡು ಒಟ್ಟಾರೆ ಈಶಾನ್ಯದ ಕಡೆಗೆ ಹರಿಯುತ್ತದೆ. ನದಿಯ ಪಾತ್ರ ಸಮತಟ್ಟಾಗಿಲ್ಲ. ದೊಡ್ಡ ಗುಂಡುಗಳು, ಮಡುಗಳು, ಕವಲುಗಳು ಮತ್ತು ನಡುಗಡ್ಡೆಗಳಿಂದ ಕೂಡಿದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಕಿರಿದಾದ ಧಾರೆಯಾಗಿ ಸಾಗುವ ನೀರು ಮಳೆಗಾಲದಲ್ಲಿ ದಡದ ಮಂಟಪಗಳನ್ನೂ ಮುಳುಗಿಸುತ್ತದೆ. ಹಂಪಿಯ ಪುರಂದರ ಮಂಟಪವು ನೀರಿನಲ್ಲಿ ನಿಂತಿರುವ ಚಿತ್ರ ಪ್ರತಿ ಪ್ರವಾಹದ ಸಮಯದಲ್ಲೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಭಾಗದ ಎರಡು ನಡುಗಡ್ಡೆಗಳು ಪ್ರಸಿದ್ಧವಾಗಿವೆ. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವುದು ವಿರೂಪಾಪುರ ಗಡ್ಡೆ. ನಡುಗಡ್ಡೆ ಎಂಬ ಅರ್ಥ ಅದರ ಹೆಸರಿನಲ್ಲೇ ಇದೆ. ಸ್ಥಳೀಯರು ಇದನ್ನು ಗಡ್ಡಿ ಎನ್ನುತ್ತಾರೆ. ಕೆಳಹರಿವಿನಲ್ಲಿ ಆನೆಗೊಂದಿಯ ಸಮೀಪ ಇರುವುದು ನವವೃಂದಾವನ ಗಡ್ಡೆ. ಮಧ್ವಮತದ ಒಂಬತ್ತು ಯತಿಗಳ ವೃಂದಾವನಗಳು ಅಲ್ಲಿವೆ: ಪದ್ಮನಾಭತೀರ್ಥರು, ಕವೀಂದ್ರತೀರ್ಥರು, ವಾಗೀಶತೀರ್ಥರು, ರಘುವರ್ಯತೀರ್ಥರು, ವ್ಯಾಸರಾಜರು, ಸುಧೀಂದ್ರತೀರ್ಥರು, ಶ್ರೀನಿವಾಸತೀರ್ಥರು, ರಾಮತೀರ್ಥರು ಮತ್ತು ಗೋವಿಂದ ಒಡೆಯರು. ಎರಡೂ ಗಡ್ಡೆಗಳ ನಡುವಣ ನೇರ ಅಂತರ ನಾಲ್ಕೈದು ಕಿಲೋಮೀಟರ್. ಆದರೆ ನದಿಯ ಬಂಡೆಗಳ ಕಾರಣ ಒಂದರಿಂದ ಇನ್ನೊಂದಕ್ಕೆ ನೀರಿನ ಮೇಲೆಯೇ ಸಾಗುವ ರೂಢಿಯಿಲ್ಲ. ದಡಕ್ಕೆ ಬಂದು, ರಸ್ತೆಯಲ್ಲಿ ಸಾಗಿ, ಮತ್ತೆ ನೀರಿಗಿಳಿಯಬೇಕು.

ಇತಿಹಾಸ

ವಿಜಯನಗರದ ಕಾಲದಲ್ಲಿ ಈ ಎರಡು ದಡಗಳು ಒಂದೇ ರಾಜಧಾನಿ ಪ್ರದೇಶದ ಭಾಗಗಳಾಗಿದ್ದವು. ಆನೆಗೊಂದಿಯ ಕೋಟೆ ವಿಜಯನಗರ ಸ್ಥಾಪನೆಗಿಂತ ಹಿಂದಿನದೆಂದೂ, ರಾಜಧಾನಿ ಅಲ್ಲಿಂದ ದಕ್ಷಿಣ ದಡಕ್ಕೆ ಸಾಗಿತೆಂದೂ ಹೇಳಲಾಗುತ್ತದೆ. ಉತ್ತರದಿಂದ ಬರುವ ದಾಳಿಗೆ ನದಿಯೇ ಮೊದಲ ಕಂದಕವಾದ್ದರಿಂದ ದಕ್ಷಿಣ ದಡದ ಆಯ್ಕೆ ಸಹಜವಾಗಿತ್ತು. ಅಂದರೆ ಇಂದು ಅಡಚಣೆ ಎನಿಸುವ ನದಿ ಅಂದು ರಕ್ಷಣೆಯಾಗಿತ್ತು.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು ೧೫೨೦ರ ವೇಳೆಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ನದಿದಾಟನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಿದ್ದರೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ, ಈ ದೋಣಿಗಳು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದವೆಂದೂ ಅವನು ತಿಳಿಸುತ್ತಾನೆ. ಐನೂರು ವರ್ಷಗಳ ನಂತರವೂ ಈ ವರ್ಣನೆಯಲ್ಲಿ ಬದಲಿಸಬೇಕಾದುದು ಚರ್ಮದ ಹೊದಿಕೆಯೊಂದೇ.

ಹರಿಗೋಲಿನ ಜೊತೆಗೆ ಕಲ್ಲಿನ ಸೇತುವೆಯೂ ಇತ್ತು. ವಿಠ್ಠಲ ದೇವಾಲಯದ ಸಮೀಪ ನದಿಯ ಪಾತ್ರದಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಅದರ ಅವಶೇಷಗಳು. ಕಂಬಗಳ ಮೇಲೆ ತೊಲೆಗಳನ್ನಿಟ್ಟು ಹಾಸುಗಲ್ಲು ಹೊದಿಸುವ, ದೇವಾಲಯ ಮಂಟಪಗಳಲ್ಲಿ ಕಾಣುವ ರಚನಾ ಕ್ರಮವನ್ನೇ ಇಲ್ಲಿ ನದಿಗೆ ಅನ್ವಯಿಸಲಾಗಿದೆ. ೧೫೬೫ರ ರಕ್ಕಸತಂಗಡಗಿ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಆನೆಗೊಂದಿಯಲ್ಲಿ ಮಾತ್ರ ವಿಜಯನಗರದ ಅರಸರ ವಂಶಸ್ಥರೆನಿಸಿದ ರಾಜಮನೆತನ ಮುಂದುವರಿಯಿತು.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯು ಎರಡು ಆಡಳಿತಗಳ ನಡುವಣ ಗಡಿಯಾಯಿತು. ಹಂಪಿ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೆ ಸೇರಿತು. ಆನೆಗೊಂದಿ ನಿಜಾಮನ ಸೀಮೆಯಲ್ಲಿ ಉಳಿದು ರಾಯಚೂರು ಜಿಲ್ಲೆಯ ಭಾಗವಾಯಿತು. ಹರಿಗೋಲು ಹತ್ತಿ ಎದುರು ದಡ ಮುಟ್ಟಿದರೆ ಬೇರೆ ಸರಕಾರ, ಬೇರೆ ನಾಣ್ಯ. ನಿಜಾಮನ ಸೀಮೆಯಲ್ಲಿ ಹಾಲಿ ಸಿಕ್ಕಾ ಚಲಾವಣೆಯಲ್ಲಿದ್ದರೆ ಆಚೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೂ, ರಾಯಚೂರು ೧೯೫೬ರ ನವೆಂಬರ್ ೧ರಂದು ಏಕೀಕೃತ ರಾಜ್ಯಕ್ಕೂ ಸೇರುವುದರೊಂದಿಗೆ ಎರಡೂ ದಡಗಳು ಮತ್ತೆ ಒಂದೇ ರಾಜ್ಯದೊಳಗೆ ಬಂದವು. ಜಿಲ್ಲೆಗಳ ಗಡಿಯಾಗಿ ನದಿ ಇಂದಿಗೂ ಉಳಿದಿದೆ. ಹೀಗಾಗಿ ಒಂದೇ ಪರಂಪರೆಯ ಸ್ಮಾರಕಗಳ ವಿಷಯದಲ್ಲಿ ಎರಡು ಜಿಲ್ಲಾಡಳಿತಗಳು ಹೊಂದಿಕೊಂಡು ನಡೆಯಬೇಕಾಗಿದೆ.

ಹರಿಗೋಲು

ಹರಿಗೋಲು ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ದೋಣಿ. ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಗಟ್ಟಿ ಬಟ್ಟೆಯ ಮೇಲೆ ಡಾಂಬರು ಬಳಿಯುತ್ತಾರೆ. ಇರಾಕಿನ ಟೈಗ್ರಿಸ್ ನದಿಯ ಕುಫ್ಫಾ ಮತ್ತು ಬ್ರಿಟನ್ನಿನ ವೇಲ್ಸ್ ಪ್ರಾಂತದ ಕೊರಕಲ್ ಇದೇ ಬಗೆಯ ದೋಣಿಗಳು.

ಇದಕ್ಕೆ ಮುಂಭಾಗ ಹಿಂಭಾಗ ಎಂಬುದಿಲ್ಲ, ತಳದಲ್ಲಿ ಏಣೂ ಇಲ್ಲ. ಆದ್ದರಿಂದ ಒಂದು ಕಡೆ ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗುವ ಬದಲು ತಿರುಗುತ್ತದೆ. ಅಂಬಿಗನು ಸಾಗಬೇಕಾದ ದಿಕ್ಕಿಗೆ ಮುಖ ಮಾಡಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವಂತೆ ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಅದನ್ನು ಹತೋಟಿಯಲ್ಲಿಡುತ್ತಾನೆ. ಈ ಆಕಾರದ ಲಾಭ ಬೇರೆಯದು: ಅಗಲವಾದ ತಳದಿಂದಾಗಿ ಭಾರ ಹೊತ್ತರೂ ದೋಣಿ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಬಂಡೆಗೆ ತಾಗಿದರೂ ಬಳುಕಿ ಜಾರುತ್ತದೆ. ಮರದ ದೋಣಿ ಸೀಳಿಹೋಗುವ ಕಡೆ ಹರಿಗೋಲು ಉಳಿಯುತ್ತದೆ. ತುಂಗಭದ್ರೆಯ ಈ ಬಂಡೆಗಲ್ಲಿನ ಪಾತ್ರಕ್ಕೆ ಇದಕ್ಕಿಂತ ಯೋಗ್ಯವಾದ ಹಳೆಯ ಸಾಧನವಿಲ್ಲ.

ದಾಟುವ ವೇಳೆ ನದಿಯ ಅಗಲದ ಜೊತೆಗೆ ಸೆಳವನ್ನೂ ಅವಲಂಬಿಸಿರುತ್ತದೆ. ಉದಾಹರಣೆಗೆ, ೩೦೦ ಮೀಟರ್ ಅಗಲದ ನೀರಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಎದುರು ದಡದತ್ತ ಹುಟ್ಟು ಹಾಕಿದರೆ ೧೦ ನಿಮಿಷ ಬೇಕು. ಸೆಳವೂ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಅಷ್ಟರಲ್ಲಿ ದೋಣಿ ೩೦೦ ಮೀಟರ್ ಕೆಳಕ್ಕೆ ಹೋಗಿರುತ್ತದೆ. ಇದಕ್ಕಾಗಿಯೇ ಅಂಬಿಗರು ಸೇರಬೇಕಾದ ಘಟ್ಟಕ್ಕಿಂತ ಮೇಲ್ಭಾಗಕ್ಕೆ ದಡದುದ್ದಕ್ಕೂ ದೋಣಿಯನ್ನು ಒಯ್ದು ಅಲ್ಲಿಂದ ಬಿಡುತ್ತಾರೆ. ಸೆಳವು ಹೆಚ್ಚಿದಂತೆ ದಾಟುವ ವೇಳೆ ಅಷ್ಟೇ ಇದ್ದರೂ ಕೊಚ್ಚಿಹೋಗುವ ದೂರ ಹೆಚ್ಚುತ್ತದೆ. ಆ ದೂರದಲ್ಲಿ ಬಂಡೆಗಳಿದ್ದರೆ ಅಪಾಯ ತಪ್ಪದು. ಪ್ರವಾಹ ಬಂದಾಗ ದೋಣಿ ಸಂಚಾರವನ್ನು ನಿಲ್ಲಿಸುವುದು ಈ ಕಾರಣದಿಂದ.

ಆನೆಗೊಂದಿಗೆ ದಾಟುವ ಮುಖ್ಯ ಘಟ್ಟ ದಕ್ಷಿಣ ದಡದ ತಳವಾರಘಟ್ಟ. ಕಮಲಾಪುರದಿಂದ ಬರುವ ರಸ್ತೆ ಇಲ್ಲಿನ ಹಳೆಯ ಹೆಬ್ಬಾಗಿಲನ್ನು ಹಾದು ನದಿಗೆ ಇಳಿಯುತ್ತದೆ. ಹಂಪಿಯ ರಥಬೀದಿಯಿಂದ ನದಿದಡದ ಕಾಲುದಾರಿಯಲ್ಲಿ ವಿಠ್ಠಲ ದೇವಾಲಯದ ಮೂಲಕ ಮೂರ್ನಾಲ್ಕು ಕಿ.ಮೀ. ನಡೆದೂ ಈ ಘಟ್ಟವನ್ನು ತಲುಪಬಹುದು. ನಡಿಗೆ ಮತ್ತು ದೋಣಿ ಎರಡೂ ಸೇರಿ ಹಂಪಿಯಿಂದ ಆನೆಗೊಂದಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಮೋಟಾರ್ ಸೈಕಲ್ಲುಗಳನ್ನು ಹರಿಗೋಲಿನಲ್ಲಿಟ್ಟು ದಾಟಿಸುವುದು ಇಲ್ಲಿ ನಿತ್ಯದ ನೋಟವಾಗಿತ್ತು.

ಸೇತುವೆ ವಿವಾದ

ಹಂಪಿಯ ಸ್ಮಾರಕಗಳ ಸಮೂಹವನ್ನು ಯುನೆಸ್ಕೊ ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ೧೯೯೦ರ ದಶಕದಲ್ಲಿ ಈ ಪ್ರದೇಶದಲ್ಲಿ ಎರಡು ಸೇತುವೆಗಳ ಕೆಲಸ ಆರಂಭವಾಯಿತು: ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳ ಸೇತುವೆ ಮತ್ತು ಹಂಪಿಯಿಂದ ವಿರೂಪಾಪುರ ಗಡ್ಡೆಗೆ ಪಾದಚಾರಿಗಳ ತೂಗುಸೇತುವೆ. ಇವು ಪರಂಪರೆಯ ತಾಣದ ಸಮಗ್ರತೆಗೆ ಧಕ್ಕೆ ತರುತ್ತವೆ ಎಂಬ ಕಾರಣದಿಂದ ೧೯೯೯ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಸೇತುವೆಯ ಕಂಬಗಳಿಂದ ಭೂದೃಶ್ಯ ಕೆಡುವುದು ಒಂದು ಆಕ್ಷೇಪ. ಅದಕ್ಕಿಂತ ಗಂಭೀರವಾದದ್ದು, ಸೇತುವೆ ತೆರೆದರೆ ಭಾರಿ ವಾಹನಗಳು ಸ್ಮಾರಕಗಳ ನಡುವಣ ರಸ್ತೆಯನ್ನೇ ಹೆದ್ದಾರಿಯಾಗಿ ಬಳಸುತ್ತವೆ ಎಂಬ ಆತಂಕ.

ಉತ್ತರ ದಡದ ಗ್ರಾಮಸ್ಥರ ವಾದವೂ ಹಗುರವಾದುದಲ್ಲ. ಗಂಗಾವತಿ ತಾಲೂಕು ಭತ್ತದ ಕಣಜ ಎಂದೇ ಹೆಸರಾದುದು. ಆನೆಗೊಂದಿ ಸುತ್ತಲಿನ ಬಾಳೆ, ಭತ್ತ ಹೊಸಪೇಟೆಯ ಕಡೆ ಸಾಗಬೇಕಾದರೆ ದೊಡ್ಡ ಸುತ್ತು ಹಾಕಬೇಕಿತ್ತು. ಕಣ್ಣಿಗೆ ಕಾಣುವ ಎದುರು ದಡದ ಊರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯಲು ಹಗಲಾದರೆ ಹರಿಗೋಲು, ರಾತ್ರಿಯಾದರೆ ನಲವತ್ತು ಕಿಲೋಮೀಟರ್ ರಸ್ತೆ. ಜನರ ಈ ಅಗತ್ಯ ಮತ್ತು ಸ್ಮಾರಕಗಳ ರಕ್ಷಣೆ ಪರಸ್ಪರ ವಿರೋಧಿಗಳೆಂಬಂತೆ ಚರ್ಚೆ ನಡೆಯಿತಾದರೂ, ಪ್ರಶ್ನೆ ಇದ್ದದ್ದು ಸೇತುವೆ ಬೇಕೇ ಬೇಡವೇ ಎಂಬುದಕ್ಕಿಂತ ಅದು ಎಲ್ಲಿರಬೇಕು ಎಂಬುದರ ಬಗ್ಗೆ.

ತೂಗುಸೇತುವೆಯನ್ನು ಬಳಿಕ ತೆಗೆಯಲಾಯಿತು. ಎರಡೂ ದಡಗಳ ಗ್ರಾಮಗಳನ್ನು ಒಳಗೊಂಡ ಪ್ರದೇಶದ ನಿರ್ವಹಣೆಗಾಗಿ ರಾಜ್ಯ ಸರಕಾರ ೨೦೦೨ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ೨೦೦೬ರಲ್ಲಿ ಹಂಪಿಯ ಹೆಸರನ್ನು ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು. ಸ್ಥಗಿತಗೊಂಡಿದ್ದ ಆನೆಗೊಂದಿ ಸೇತುವೆಯ ಕೆಲಸ ಮುಂದುವರಿಯಿತು. ೨೦೦೯ರ ಜನವರಿ ೨೨ರಂದು ನಿರ್ಮಾಣ ಹಂತದಲ್ಲಿದ್ದ ಈ ಸೇತುವೆ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು. ದಶಕಕ್ಕೂ ಹೆಚ್ಚು ಕಾಲ ಪತ್ರವ್ಯವಹಾರಗಳಲ್ಲಿ ಜೀವಂತವಿದ್ದ ಸೇತುವೆಯ ಚರ್ಚೆಯಲ್ಲಿ ಆ ಕಾರ್ಮಿಕರ ವಿಷಯ ಹೆಚ್ಚು ಕಾಣಿಸಿಕೊಳ್ಳುವುದಿಲ್ಲ.

ಇದೇ ಸ್ಥಳದಲ್ಲಿ ಸೇತುವೆಯನ್ನು ಮತ್ತೆ ಕಟ್ಟಲಿಲ್ಲ. ಸ್ಮಾರಕಗಳ ಕೇಂದ್ರ ಭಾಗದಿಂದ ದೂರದಲ್ಲಿ, ನದಿಯ ಕೆಳಹರಿವಿನಲ್ಲಿ, ದಕ್ಷಿಣ ದಡದ ಬುಕ್ಕಸಾಗರ ಮತ್ತು ಉತ್ತರ ದಡದ ಕಡೆಬಾಗಿಲು ಗ್ರಾಮಗಳ ನಡುವೆ ಹೊಸ ಸೇತುವೆ ನಿರ್ಮಾಣವಾಯಿತು. ಕಡೆಬಾಗಿಲು ಪ್ರಾಚೀನ ನೆಲೆಯೂ ಹೌದು. ಕಡೆಬಕೆಲೆ ಎಂಬ ಹೆಸರಿನಲ್ಲಿ ಪುರಾತತ್ವ ಗ್ರಂಥಗಳಲ್ಲಿ ಉಲ್ಲೇಖವಾಗುವ ಇಲ್ಲಿ ಕಬ್ಬಿಣ ಯುಗದ ಮತ್ತು ಆರಂಭಿಕ ಐತಿಹಾಸಿಕ ಕಾಲದ ವಸತಿಯ ಕುರುಹುಗಳು ಉತ್ಖನನದಲ್ಲಿ ದೊರೆತಿವೆ.

ಈಗಿನ ಮಾರ್ಗಗಳು

ಹಂಪಿಯಿಂದ ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು ಮೂಲಕ ಆನೆಗೊಂದಿಗೆ ಸುಮಾರು ೨೦ ಕಿ.ಮೀ.; ವಾಹನದಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಇದು ಈಗ ಹೆಚ್ಚು ಬಳಕೆಯಲ್ಲಿರುವ ಮಾರ್ಗ. ಹೊಸಪೇಟೆಯಿಂದ ಬರುವವರು ಮುನಿರಾಬಾದ್, ಹುಲಿಗಿ, ಸಾಣಾಪುರದ ಮೂಲಕ ಉತ್ತರ ದಡದ ರಸ್ತೆಯಲ್ಲೂ ಆನೆಗೊಂದಿಯನ್ನು ಸೇರಬಹುದು. ಅಂಜನಾದ್ರಿ ಬೆಟ್ಟವೂ ಪಂಪಾ ಸರೋವರವೂ ಈ ದಾರಿಯ ಸಮೀಪದಲ್ಲಿವೆ. ಕಂಪ್ಲಿ–ಗಂಗಾವತಿ ಮಾರ್ಗ ಮೂರನೆಯದು. ಅಲ್ಲಿನ ಸೇತುವೆ ತಗ್ಗಿನಲ್ಲಿರುವುದರಿಂದ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿ ಸಂಚಾರ ನಿಲ್ಲುತ್ತದೆ. ಗಂಗಾವತಿಯಿಂದ ಆನೆಗೊಂದಿಗೆ ಸುಮಾರು ೧೨ ಕಿ.ಮೀ. ಹಂಪಿ ಮತ್ತು ವಿರೂಪಾಪುರ ಗಡ್ಡೆಯ ನಡುವೆ ನೀರಿನ ಮಟ್ಟ ಅನುಕೂಲವಿದ್ದಾಗ ಯಂತ್ರದ ದೋಣಿ ಓಡಾಡುತ್ತದೆ. ಈ ದಾಟು ಕೆಲವೇ ನಿಮಿಷಗಳದ್ದು. ನವವೃಂದಾವನಕ್ಕೆ ಇಂದಿಗೂ ದೋಣಿಯೇ ದಾರಿ.

ಪ್ರವಾಹ ಮತ್ತು ಸಂಚಾರ

ಹಂಪಿಯ ಮೇಲ್ಭಾಗದಲ್ಲಿ, ಹೊಸಪೇಟೆ–ಮುನಿರಾಬಾದ್ ನಡುವೆ ಇರುವ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಆನೆಗೊಂದಿಯ ನೀರಿನ ಮಟ್ಟ ಮಳೆಗಿಂತ ಹೆಚ್ಚಾಗಿ ಅಣೆಕಟ್ಟಿನ ೩೩ ಗೇಟುಗಳನ್ನು ಅವಲಂಬಿಸಿದೆ. ಸ್ಥಳೀಯವಾಗಿ ಒಂದು ಹನಿ ಮಳೆಯಾಗದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆಯಿಂದ ಜಲಾಶಯ ತುಂಬಿ, ಗೇಟು ತೆರೆದು, ಹರಿಗೋಲು ನಿಲ್ಲಬಹುದು. ದೂರದಿಂದ ಬರುವ ಯಾತ್ರಿಕರು ಮತ್ತು ಪ್ರವಾಸಿಗರಿಗೆ ಇದು ತಿಳಿಯದಿರುವುದರಿಂದ ತೊಂದರೆಗಳಾಗುತ್ತವೆ.

೨೦೧೯ರ ಆಗಸ್ಟ್‌ನಲ್ಲಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಹೊರಬಿಟ್ಟಾಗ ವಿರೂಪಾಪುರ ಗಡ್ಡೆ ಜಲಾವೃತವಾಗಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಲುಕಿಕೊಂಡರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ದೋಣಿಗಳು ಮತ್ತು ಹೆಲಿಕಾಪ್ಟರ್‌ಗಳ ಮೂಲಕ ಅವರನ್ನು ಹೊರತರಲಾಯಿತು. ರಕ್ಷಣಾ ಕಾರ್ಯದ ವೇಳೆ ದೋಣಿಯೊಂದು ಮಗುಚಿತಾದರೂ ಅದರಲ್ಲಿದ್ದ ಸಿಬ್ಬಂದಿಯನ್ನು ರಕ್ಷಿಸಲಾಯಿತು. ದೋಣಿಯಲ್ಲಿ ಕೆಲವು ನಿಮಿಷಗಳ ದೂರ, ಸೆಳವು ಹೆಚ್ಚಿದಾಗ ಆಕಾಶಮಾರ್ಗವಿಲ್ಲದೆ ದಾಟಲಾಗದ ದೂರವಾಗಿತ್ತು. ಗಡ್ಡೆಯ ಮೇಲಿನ ರೆಸಾರ್ಟ್‌ಗಳ ನಿರ್ಮಾಣ ಕಾನೂನುಬಾಹಿರವೆಂಬ ಆದೇಶವನ್ನು ಸುಪ್ರೀಂ ಕೋರ್ಟ್ ೨೦೨೦ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು; ಮುಂದಿನ ತಿಂಗಳು ಅವುಗಳ ತೆರವು ನಡೆಯಿತು.

೨೦೧೯ರ ಜುಲೈ ತಿಂಗಳಿನಲ್ಲಿ ನವವೃಂದಾವನ ಗಡ್ಡೆಯಲ್ಲಿ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಕೆಡವಿದ್ದು ರಾಜ್ಯದಾದ್ಯಂತ ಖಂಡನೆಗೆ ಗುರಿಯಾಯಿತು. ಕೆಲವೇ ದಿನಗಳಲ್ಲಿ ಅದನ್ನು ಪುನರ್ನಿರ್ಮಿಸಲಾಯಿತು. ರಾತ್ರಿ ವೇಳೆ ಜನಸಂಚಾರವಿಲ್ಲದ ಗಡ್ಡೆಯ ಕಾವಲಿನ ಪ್ರಶ್ನೆ ಈ ಘಟನೆಯಿಂದ ಮುನ್ನೆಲೆಗೆ ಬಂತು.

೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದೇ ಕಡೆ ಒತ್ತಡ ಬೀಳದಂತೆ ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಡಲಾಯಿತು. ನದಿದಡದ ಗ್ರಾಮಗಳಿಗೆ ಎಚ್ಚರಿಕೆ ನೀಡಲಾಯಿತು. ವಾರದೊಳಗೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಅಳವಡಿಸಿ ಸೋರಿಕೆಯನ್ನು ತಡೆಯಲಾಯಿತು.

ನೀರು ಹೊರಬಿಡುವ ಪ್ರಮಾಣವನ್ನು ಕ್ಯೂಸೆಕ್‌ಗಳಲ್ಲಿ, ಅಂದರೆ ಸೆಕೆಂಡಿಗೆ ಹರಿಯುವ ಘನ ಅಡಿಗಳಲ್ಲಿ ಪ್ರಕಟಿಸುತ್ತಾರೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲಕ್ಷ ಲೀಟರ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಆನೆಗೊಂದಿ ಅಥವಾ ನವವೃಂದಾವನಕ್ಕೆ ಹೊರಡುವವರು ದೂರಪಟ್ಟಿಗಿಂತ ಮೊದಲು ಆ ದಿನದ ಹೊರಹರಿವಿನ ಅಂಕಿಯನ್ನು ನೋಡಿಕೊಳ್ಳುವುದು ವಾಡಿಕೆ.